ಆಡಿನ ಹಾಲಿನ ಬಣ್ಣ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಡು ಕಪ್ಪಗಿತ್ತು ಎಂದು ನನ್ನ ನೆನಪು. ತಂಗಿ ಕಂದು ಎನ್ನುತ್ತಾಳೆ. ಬೀಗರು ಬಾದಾಮಿಯಿಂದ ಬಂದದ್ದು ತಿಂಗಳುಗಟ್ಟಲೆ ತಡವಾಗಿ ತೊಟ್ಟಿಲಿಗೆ ಹಾಕಿದ ದಿನವೋ ಅದರ ಮುಂದಿನ ವಾರವೋ, ಆಣೆ ಮಾಡಿ ಹೇಳಲಾರೆ. ಕೊನೆಗೆ ಏನಾಯಿತು ಎಂಬುದು ಗೊತ್ತಾದ ಮೇಲೆ ಹಿಂದಿನದೆಲ್ಲ ಅದಕ್ಕೆ ತಕ್ಕಂತೆ ಜೋಡಿಸಿಕೊಂಡು ಕೂಡುತ್ತದೆ. ಕೂಸಿನ ಬಣ್ಣದ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ತಂಗಿ ಚೊಚ್ಚಲ ಹೆರಿಗೆಗೆ ಇಳಕಲ್ಲಿನ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಹುಟ್ಟಿತು. ಬಾಣಂತಿಗೆ ನಂಜೇರಿ, ಜ್ವರ ಇಳಿಯದೆ, ಬಾಗಲಕೋಟೆಯ ದವಾಖಾನೆಯಲ್ಲಿ ಬಹಳ ದಿನ ಮಲಗಬೇಕಾಯಿತು. ಮನೆಗೆ ಮರಳುವ ಹೊತ್ತಿಗೆ ಎದೆಯಲ್ಲಿ ಹಾಲು ಬತ್ತಿತ್ತು. ಡಾಕ್ಟರು ಡಬ್ಬಿಯ ಪುಡಿ ಬರೆದುಕೊಟ್ಟಿದ್ದರು. ಕೂಸು ಅದನ್ನು ಕುಡಿದಷ್ಟೂ ಕಕ್ಕುತ್ತಿತ್ತು. ಬೇರೆ ಪುಡಿ ತಂದು ನೋಡೋಣ ಎಂದು ನಾನೆಂದರೆ, ಹಾಲು ಒಂದು ಜೀವದಿಂದ ಬರಬೇಕು, ಡಬ್ಬಿಯಿಂದಲ್ಲ ಎಂದು ಅವ್ವ ಮುಖ ತಿರುಗಿಸಿದಳು.

ಯಾವ ಜೀವದಿಂದ ಎನ್ನುವುದೇ ಜಗಳವಾಯಿತು. ತಂಗಿಯ ಅತ್ತೆ ಆಕಳ ಕಡೆ, ಅವ್ವ ಆಡಿನ ಕಡೆ. ನಮ್ಮ ಮನೆಯಲ್ಲಿ ಹಿಂದೆಯೂ ಕೂಸು ಆಡಿನ ಹಾಲಿನ ಮೇಲೆ ಇದ್ದದ್ದುಂಟು ಎಂದು ಅವ್ವ ಹೇಳಿದಳು. ಯಾವ ಕೂಸು ಎಂದು ನಾನಾಗ ಕೇಳಲಿಲ್ಲ. ಆಡಿನ ಹಾಲು ಹಗುರ, ಆಕಳದ್ದು ಎಳೆಯ ಹೊಟ್ಟೆಗೆ ಜಡ ಎನ್ನುವುದು ಅವಳ ವಾದ. ಅತ್ತೆ ಫೋನಿನಲ್ಲಿ ಚುಚ್ಚಿದರು.

"ಆಡಿನ ಹಾಲ ಕುಡಸ್ರಿ, ನಾಳೆ ನಿಮ್ಮ ಮೊಮ್ಮಗಳು ಗಿಡಾ ಹತ್ತಿ ಕುಂದರ್ತಾಳ."

"ಆಕಳಂಗ ಮೆತ್ತಗಾದ್ರ ನಿಮ್ಮ ಮನ್ಯಾಗ ಬಾಳುವಿ ಮಾಡೂದು ಹೆಂಗ್ರಿ ಅಕ್ಕಾರ?" ಎಂದಳು ಅವ್ವ. ಮಂಚದ ಮೇಲಿಂದ ತಂಗಿ ನಕ್ಕಳು. ಆ ಮನೆಯಲ್ಲಿ ಬಹಳ ದಿನದ ಮೇಲೆ ಕೇಳಿದ ನಗು ಅದು.

ತೀರ್ಪು ನನ್ನ ಪಾಲಿಗೆ ಬಂತು. ಧಾರವಾಡದಲ್ಲಿ ಗೃಹವಿಜ್ಞಾನ ಓದಿದವಳು ನಾನು. ಈಗ ಬಾಗಲಕೋಟೆಯಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಎದೆಹಾಲಿನ ಪಕ್ಕದಲ್ಲಿಟ್ಟು ನೋಡಿದರೆ ಆಡಿನ ಹಾಲಿಗೂ ಆಕಳ ಹಾಲಿಗೂ ಹೆಚ್ಚು ಅಂತರವಿಲ್ಲ. ಎರಡರಲ್ಲೂ ಪ್ರೋಟೀನು ಮತ್ತು ಉಪ್ಪಿನಂಶ ಎಳೆಗೂಸಿನ ಮೂತ್ರಪಿಂಡಕ್ಕೆ ಹೊರೆಯಾಗುವಷ್ಟು. ಎರಡರಲ್ಲೂ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಆಡಿನ ಹಾಲಿನಲ್ಲಿ ಕೊಬ್ಬಿನ ಕಣಗಳು ಸಣ್ಣವು, ಹೊಟ್ಟೆಯೊಳಗೆ ಅದು ಮೆತ್ತಗೆ ಒಡೆಯುತ್ತದೆ. ಹಗುರ ಎಂಬ ಮಾತು ಸುಳ್ಳಲ್ಲ. ಆದರೆ ರಕ್ತವಾಗಲು ಬೇಕಾದ ಫೋಲೇಟ್ ಎಂಬ ಜೀವಸತ್ವ ಆಕಳ ಹಾಲಿನಲ್ಲಿ ಇರುವಷ್ಟೂ ಅದರಲ್ಲಿಲ್ಲ. ವರ್ಷ ತುಂಬುವ ತನಕ ಎರಡೂ ಬೇಡ ಎಂದು ನಾನು ಹೇಳಿದ್ದು ಖಂಡಿತ. ಫೋಲೇಟಿನ ಮಾತನ್ನೂ ಹೇಳಿದೆನೋ, ತರಗತಿಯಲ್ಲಿ ಹೇಳಿದ್ದನ್ನೇ ಮನೆಯಲ್ಲಿ ಹೇಳಿದಂತೆ ನೆನೆಯುತ್ತಿದ್ದೇನೋ ತಿಳಿಯದು.

ಅವ್ವನ ಉತ್ತರ ನೆನಪಿದೆ. "ಎರಡೂ ಬ್ಯಾಡಂದ್ರ ಕೂಸು ಏನ್ ಕುಡೀಬೇಕು? ನಿನ್ನ ಪುಸ್ತಕಾನ?"

ಹಿಂದಿನ ಓಣಿಯಿಂದ ಆಡಿನ ಹಾಲು ಬರತೊಡಗಿತು. ಕೂಸು ಕಕ್ಕುವುದನ್ನು ನಿಲ್ಲಿಸಿತು. ಕೆನ್ನೆ ತುಂಬಿದವು. ಮುಂದಿನ ತಿಂಗಳುಗಳಲ್ಲಿ ಯಾರೂ ಪುಡಿಯ ಹೆಸರೆತ್ತಲಿಲ್ಲ, ನಾನು ಕೂಡ.

ಆಮೇಲೆ ಕೂಸು ಬೆಳ್ಳಗಾಗತೊಡಗಿತು. ನಮ್ಮದು ಎರೆಮಣ್ಣಿನ ಬಣ್ಣದ ಮನೆತನ, ಬೀಗರೂ ಹಾಗೆಯೇ. ಬಂದವರೆಲ್ಲ ಆಡಿನ ಹಾಲನ್ನು ಹೊಗಳಿದರು. ಬಾದಾಮಿಯಿಂದ ಬಂದ ಅತ್ತೆ ತಮ್ಮ ಆಕಳನ್ನು ಮರೆತು, ಹಿಂಗಿದ್ದರೆ ಗಂಡು ಹುಡುಕುವ ಚಿಂತೆಯಿಲ್ಲ ಎಂದು ಮೊಮ್ಮಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

"ನನ್ನ ಮೊದಲನೇ ಕೂಸೂ ಹಿಂಗ ಇತ್ತು," ಎಂದಳು. "ಜ್ವಾಳದ ಹಿಟ್ಟಿನಂಗ."

ನನಗಿಂತ ಮೊದಲು ಹುಟ್ಟಿ, ಹಲ್ಲು ಬರುವ ಮುನ್ನ ಹೋದ ಆ ಅಕ್ಕನ ಬಗ್ಗೆ ಮನೆಯಲ್ಲಿ ಇದ್ದದ್ದು ಒಂದೇ ಮಾತು: ಬಹಳ ಬೆಳ್ಳಗಿತ್ತು, ದೃಷ್ಟಿ ತಾಗಿತು. ಹುನಗುಂದದ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಅವಳನ್ನು ಮಣ್ಣು ಮಾಡಿದ್ದಾರೆ. ಚಿಕ್ಕವಳಿದ್ದಾಗ ಆ ಅಕ್ಕನ ಬಣ್ಣಕ್ಕೆ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಒಂದು ಸೋಮವಾರ ರಜೆ ಇತ್ತು, ಇಳಕಲ್ಲಿನಲ್ಲೇ ಉಳಿದಿದ್ದೆ. ಪೂಜೆ ಮುಗಿಸಿ ಅವ್ವ ಎಲ್ಲರ ಹಣೆಗೂ ವಿಭೂತಿ ಹಚ್ಚಿದಳು. ತಂಗಿಯ ಕರಿ ಹಣೆಯ ಮೇಲೆ ಮೂರು ಗೆರೆಗಳು ಎದ್ದು ಕಂಡವು. ಅವಳ ತೊಡೆಯ ಮೇಲಿದ್ದ ಕೂಸಿನ ಹಣೆಯ ಮೇಲೆ ಕಾಣಲೇ ಇಲ್ಲ. ಹಚ್ಚಿದ್ದು ಒರೆಸಿಹೋಯಿತೇನೋ ಎಂದು ಬೆರಳಿಟ್ಟು ನೋಡಿದೆ. ಬೆರಳಿಗೆ ವಿಭೂತಿ ಹತ್ತಿತು. ಕೂಸು ಎರಡು ಗುಟುಕು ಕುಡಿದು ಏದುಸಿರು ಬಿಟ್ಟು ಮಲಗುತ್ತಿತ್ತು. ಅದನ್ನು ನಾವು ಹೊಟ್ಟೆ ತುಂಬಿತು ಎಂದುಕೊಂಡಿದ್ದೆವು.

ಅಂದೇ ಕಾರು ಗೊತ್ತುಮಾಡಿ ಬಾಗಲಕೋಟೆಗೆ ಹೊರಟೆವು. ಅಮೀನಗಡದಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಬೇಕೆಂದ, ಅವ್ವ ಬೇಡವೆಂದಳು.

ಡಾಕ್ಟರಮ್ಮ ಕೂಸಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದರು. ಒಳಗೆ ಕೆಂಪಿರಲಿಲ್ಲ.

"ಏನ್ ಕುಡಸ್ತೀರಿ?"

"ಆಡಿನ ಹಾಲ್ರಿ," ಎಂದಳು ಅವ್ವ. "ಭಾಳ ಛಲೋ ಒಗ್ಗೇತ್ರಿ."

"ಬರೇ ಅದ? ಮೊದಲಿಂದ?"

ಅವ್ವ ಹೌದೆಂದು ತಲೆಯಾಡಿಸಿದಳು. ಕೂಸು ಬೆಳ್ಳಗಿಲ್ಲ, ಅದಕ್ಕೆ ರಕ್ತವಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅಷ್ಟೊಂದು ಸಣ್ಣ ಕೈಯಲ್ಲಿ ನರ ಹುಡುಕುವುದು ಕಷ್ಟವಾಯಿತು. ಬೇರೆ ಯಾರದೋ ರಕ್ತ ಹನಿಹನಿಯಾಗಿ ಇಳಿಯುವುದನ್ನು ಅವ್ವ ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದಳು. ಕೂಸಿನ ತುಟಿಗೆ ಮೊದಲು ಬಣ್ಣ ಬಂತು. ಆಮೇಲೆ ಅಂಗೈಗೆ. ಆ ಬಣ್ಣ ಏರಿದಂತೆಲ್ಲ ಅವ್ವ ಕುಗ್ಗುತ್ತಿದ್ದಳು. ಕೂಸು ಉಳಿಯಿತಲ್ಲ, ಈಕೆ ಯಾಕೆ ಹೀಗೆ ಎಂದು ತಂಗಿ ನನ್ನ ಕಿವಿಯಲ್ಲಿ ಕೇಳಿದಳು. ನನಗೆ ಅಷ್ಟರಲ್ಲಿ ಅರ್ಥವಾಗಿತ್ತು. ಅಥವಾ ಈಗ ಅರ್ಥವಾದದ್ದನ್ನು ಅಂದಿಗೆ ಒಯ್ದು ಹಚ್ಚುತ್ತಿದ್ದೇನೆ.

ಔಷಧಿ, ಪುಡಿ ಎರಡನ್ನೂ ತೆಗೆದುಕೊಂಡು ಇಳಕಲ್ಲಿಗೆ ಮರಳಿದಾಗ ಪಕ್ಕದ ಮನೆಯಾಕೆ ಮಗ್ಗದಿಂದೆದ್ದು ನೋಡಲು ಬಂದಳು. ಕೂಸಿನ ಗಲ್ಲ ಹಿಡಿದು, "ಪಾಪ, ದವಾಖಾನಿ ಗಾಳಿಗೆ ಎಷ್ಟು ಕರ್ರಗಾಗೇತಿ," ಎಂದಳು.

ಕೂಸು ಈಗ ಓಡಾಡುತ್ತದೆ, ನಮ್ಮೆಲ್ಲರ ಬಣ್ಣವೇ ಅದಕ್ಕೆ. ಬಾದಾಮಿಯ ಮನೆಯಲ್ಲಿ ಈ ಮಾತು ಯಾರಿಗೂ ಬೇಕಿಲ್ಲ. ಅವ್ವ ನಿವಾಳಿಸುವುದನ್ನು ಬಿಟ್ಟಿದ್ದಾಳೆ. ಅಕ್ಕನ ದೃಷ್ಟಿಯ ಕಥೆಯನ್ನೂ ಹೇಳುವುದಿಲ್ಲ. ನಾಲ್ವತ್ತು ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಕಥೆಯೇ ಇರಬೇಕು. ನಾನು ಸುಮ್ಮನಿರಬಹುದಿತ್ತು. ಹೋದ ಸಲ ಊರಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಮೊಣಕೈವರೆಗೆ ಜೋಳದ ಹಿಟ್ಟು. ತಿಳಿದುಕೊಳ್ಳಲೆಂದು ಕೇಳಿದೆನೋ, ಅವಳ ಬಾಯಿಂದಲೇ ಬರಲೆಂದು ಕೇಳಿದೆನೋ ನನಗೇ ಸ್ಪಷ್ಟವಿಲ್ಲ. ಅವಳು ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ, ಅದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಅಕ್ಕ ಹುಟ್ಟಿದಾಗಿಂದಾನ ಬೆಳ್ಳಗಿದ್ಲೋ, ಆಮ್ಯಾಲೆ ಬೆಳ್ಳಗಾದ್ಲೋ?"