ಟವೆಲ್ಲಿನ ಸೆರಗು

ಬೆಳ್ಳಗಿನ ದಪ್ಪ ಮೀಸೆಯ ಗಂಡಸೊಬ್ಬರು ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಸೆರಗಿನಂತೆ ಎಳೆದುಕೊಂಡು "ಅಯ್ಯೋ ನನ್ ಕಂದಾ" ಎಂದು ಅಳುವುದನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ. ಮೊದಲ ದಿನ ನಕ್ಕೆ. ಮಾರನೆಯ ದಿನ ಅವರ ಜೊತೆ ಅತ್ತುಬಿಟ್ಟೆ.

ಅವರು ಸಿದ್ಧಲಿಂಗಪ್ಪ ಮೇಷ್ಟ್ರು, ಸಂತೇಬೆನ್ನೂರು ಸುತ್ತಿನ ಹಳ್ಳಿಗಳಿಗೆ ನಾಟಕ ಕಲಿಸುತ್ತಿದ್ದವರು. ನಮ್ಮ ಕಡೆ ಹೆಣ್ಣಿನ ಪಾತ್ರಕ್ಕೆ ಕಲಾವಿದೆಯರು ಹೊರಗಿನಿಂದ ಬರುತ್ತಾರೆ, ಅದೂ ನಾಟಕದ ದಿನವೇ. ಅಲ್ಲಿಯವರೆಗೆ ತಾಲೀಮಿನಲ್ಲಿ ತಾಯಿ, ಹೆಂಡತಿ, ತಂಗಿ ಎಲ್ಲ ಮೇಷ್ಟ್ರೇ. ಹಾರ್ಮೋನಿಯಂ ಮುಂದೆ ಕೂತರೆ ಗಂಡಸು, ಎದ್ದರೆ ಹೆಂಗಸು.

ಬರೆದದ್ದರಲ್ಲಿ ಒಂದಕ್ಷರ ಆಚೀಚೆಯಾದರೆ ಉರಿದುಬೀಳುತ್ತಿದ್ದರು. "ನಿಮ್ಮಪ್ಪ ಬರ್ದಿದ್ನೇನಲೇ? ಇದ್ದಂಗೆ ಹೇಳು!" ನಾಟಕದ ದಿನ ಪುಸ್ತಕ ಹಿಡಿದು ಪರದೆ ಹಿಂದೆ ಕೂತು, ಮರೆತವರಿಗೆ ಮಾತು ಎತ್ತಿಕೊಡುವವನಿಗೂ ಒಂದು ಕಟ್ಟಳೆ ಇತ್ತು: "ನಿನ್ ಮಾತು ಪರದೆ ದಾಟಬಾರದು."

ನಾವು ಜಗಳೂರು ಕಡೆಯಿಂದ ಅಡಿಕೆ ಸುಲಿಯಲು ಬಂದು ಇಲ್ಲಿಯ ಶೆಡ್ಡಿನಲ್ಲೇ ನಿಂತವರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಟ್ರ್ಯಾಕ್ಟರಿನ ಟ್ರೈಲರ್ ಮಗುಚಿತು. ಸೊಸೆ ಅಲ್ಲೇ ಹೋದಳು. ಅವಳ ಜೊತೆಗಿದ್ದ, ನಾಲ್ಕನೇ ಕ್ಲಾಸು ಓದುತ್ತಿದ್ದ ನನ್ನ ಮೊಮ್ಮಗಳು ಚೈತ್ರಾಳ ಬಲಗಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಗಾಯ ಮಾಗಿತು, ಮಾತು ಬರಲಿಲ್ಲ. ಒಂದೂವರೆ ವರ್ಷ ಆ ಕೂಸು ನೀರು ಬೇಕಾದರೆ ಲೋಟ ತೋರಿಸುತ್ತಿತ್ತು. ಡಾಕ್ಟರು "ಗಂಟಲಲ್ಲಿ ಏನೂ ದೋಷ ಇಲ್ಲ" ಅಂದರು. ಮತ್ತೆ ಎಲ್ಲಿದೆ ಎಂದು ಕೇಳುವಷ್ಟು ಓದಿದವಳಲ್ಲ ನಾನು.

ಮೇಷ್ಟ್ರು ಶೆಡ್ಡಿಗೆ ಬಂದು, ನನ್ನ ಪಕ್ಕ ತಾವೂ ಅಡಿಕೆ ಸುಲಿಯುತ್ತ ಕೂತು, ಎಲ್ಲವನ್ನೂ ಕೇಳಿಕೊಂಡರು.

"ಗೌರಕ್ಕ, ಇದನ್ನ ನಾಟಕ ಮಾಡ್ಲಾ? ಬ್ಯಾಡ ಅಂದ್ರೆ ಬಿಡ್ತೀನಿ."

ನನ್ನ ಮಗ ಮುಖ ತಿರುವಿಕೊಂಡು ಎದ್ದುಹೋದ. ಸತ್ತವಳನ್ನು ನಾಲ್ಕು ಜನ ನೆನೆಯಲಿ ಎಂದು ನಾನು ಹೂಂ ಅಂದೆ. ಊರವರು ಮೊದಲು ಒಪ್ಪಲಿಲ್ಲ. "ಕೂಲಿಯೋರ ಗೋಳು ಯಾರ್ ನೋಡ್ತಾರ್ರೀ? ರಾಜರ ಕಥೆ ಆಡ್ಸ್ರಿ."

"ರಾಜರು ಸತ್ತೂ ಸತ್ತೂ ಸಾಕಾಗೈತೆ ಕಣ್ರಲೇ," ಅಂದರು ಮೇಷ್ಟ್ರು.

ಒಬ್ಬಳನ್ನೇ ಬಿಡಲಾರದೆ ಚೈತ್ರಾಳನ್ನೂ ತಾಲೀಮಿಗೆ ಕರೆದೊಯ್ಯುತ್ತಿದ್ದೆ. ಟ್ರೈಲರ್ ಮಗುಚುವ ಕಡೆ ಮೇಷ್ಟ್ರು ಸೆರಗು ಎಳೆದುಕೊಂಡು ತಾಯಿಯ ಕೊನೆಯ ಮಾತು ಹೇಳುತ್ತಿದ್ದರು: "ಮಗಳೇ, ಈ ಜನ್ಮದ ಋಣ ಇಷ್ಟೇ. ಅಳಬೇಡ." ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಐದನೆಯ ದಿನವೋ ಆರನೆಯ ದಿನವೋ, ನನ್ನ ಮಗ್ಗುಲಿನಿಂದ ಒಡಕು ದನಿಯೊಂದು ಬಂತು:

"ನಮ್ಮವ್ವ ಹಂಗನ್ಲಿಲ್ಲ."

ಎಲ್ಲರೂ ತಿರುಗಿದರು. ಮೇಷ್ಟ್ರು ಸೆರಗು ತೆಗೆಯದೆಯೇ ಅವಳೆದುರು ಕುಕ್ಕರಗಾಲಲ್ಲಿ ಕೂತರು. "ಮತ್ತೇನಂದ್ಲು ತಾಯಿ?"

"ಬುತ್ತಿ ಗಟ್ಟಿ ಹಿಡ್ಕಳೇ, ಸಾರು ಚೆಲ್ತೈತೆ ಅಂದ್ಲು."

ನನಗೆ ಕುಣಿಯಬೇಕೋ ಎದೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆನಂತೆ. ಒಂದಕ್ಷರ ಬಿಟ್ಟುಕೊಡದ ಆ ಮನುಷ್ಯ ಪೆನ್ನು ತೆಗೆದು ತಮ್ಮ ಮಾತಿಗೆ ಅಡ್ಡಗೆರೆ ಎಳೆದರು. "ನಾನು ಗೀಚಿದ್ದೆ ಕಣ್ರಪ್ಪಾ, ಬರೆದೋಳು ಇವ್ಳು." ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟರು. "ನಾಟಕದ ದಿನ ಪರದೆ ಹಿಂದೆ ನೀನೇ ಕೂರ್ಬೇಕು. ಮೆಲ್ಲಗೆ ಹೇಳ್ಬೇಕು, ಆಯ್ತಾ?"

"ಹೂಂ ಮೇಷ್ಟ್ರೇ."

ಅಂದಿನಿಂದ ಅವಳ ಮಾತು ನಿಂತಿಲ್ಲ. ಈಗ ನನ್ನನ್ನೇ ಬೈಯುತ್ತಾಳೆ, ಆಹಾ, ಬೈಯಲಿ!

ನಿಂತದ್ದು ಮೇಷ್ಟ್ರ ಮಾತು. ಬಹಳ ದಿನದ ಕೆಮ್ಮು, ಯಾರಿಗೂ ಹೇಳಿರಲಿಲ್ಲ. ಕೊನೆಯ ಸಲ ನೋಡಲು ಹೋದಾಗ ದನಿಯೇ ಇರಲಿಲ್ಲ. ಚೈತ್ರಾ ಮಂಚದ ತಲೆದೆಸೆಯಲ್ಲಿ ಕೂತು ನಾಟಕದ ಮಾತುಗಳನ್ನು ಮೆಲ್ಲಗೆ ಎತ್ತಿಕೊಡುತ್ತಿದ್ದಳು, ಮೀಸೆಯ ಕೆಳಗೆ ತುಟಿ ಅಲುಗುತ್ತಿತ್ತು. ನಾಟಕಕ್ಕೆ ಎಂಟು ದಿನ ಇರುವಾಗ ಹೋದರು.

ನಾಟಕ ನಿಲ್ಲಿಸಲಿಲ್ಲ. ತಾಯಿಯ ಪಾತ್ರದ ಕಲಾವಿದೆ ಮಧ್ಯಾಹ್ನವಷ್ಟೇ ಬಂದಿದ್ದಳು. ಸಂಜೆ ಟ್ರೈಲರ್ ಮಗುಚುವ ಜಾಗಕ್ಕೆ ಬಂದಾಗ ಮಾತು ಮರೆತು ನಿಂತುಬಿಟ್ಟಳು. ಪರದೆಯ ಹಿಂದಿನಿಂದ ನನ್ನ ಮೊಮ್ಮಗಳು ಗಂಟಲು ಹರಿಯುವಂತೆ ಕೂಗಿದಳು:

"ಬುತ್ತಿ ಗಟ್ಟಿ ಹಿಡ್ಕಳೇ, ಸಾರು ಚೆಲ್ತೈತೆ!"

ಕಡೆಯ ಸಾಲಿನಲ್ಲಿ ಮುಖ ತಿರುವಿ ನಿಂತಿದ್ದ ನನ್ನ ಮಗನಿಗೂ ಕೇಳಿಸಿತು. ಮಾತು ಪರದೆ ದಾಟಿತ್ತು. ಬೈಯಲು ಮೇಷ್ಟ್ರು ಇರಲಿಲ್ಲ.