ನಾಲ್ಕನೇ ಮೇಜಿನ ಒದ್ದೆ ಬಟ್ಟೆ

ಸಂಜೆ ನಾಲ್ಕೂವರೆಗೆ ವೈದ್ಯಕೀಯ ಕಾಲೇಜಿನ ಹುಡುಗರು ಕೈ ತೊಳೆದು ಹೊರಟ ಮೇಲೆ ಅಟೆಂಡರನ ನಿಜವಾದ ಕೆಲಸ ಶುರು. ಶವ ಕೊಯ್ದು ಕಲಿಯುವ ಆ ಉದ್ದನೆಯ ಕೋಣೆಯಲ್ಲಿ ಎಂಟು ಮೇಜು. ಪ್ರತಿಯೊಂದು ದೇಹಕ್ಕೂ ಔಷಧಿ ನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಬೇಕು. ಒಣಗಿತೋ, ಮುಗಿಯಿತು, ಸ್ನಾಯು ಹಳೇ ಚಪ್ಪಲಿಯ ಹಾಗೆ ಬಿರುಸಾಗಿ, ನರ ಯಾವುದು ರಕ್ತನಾಳ ಯಾವುದು ಎಂದು ಬ್ರಹ್ಮ ಬಂದರೂ ಹೇಳಲಾರ. ಮೂವತ್ತೊಂದು ವರ್ಷದಿಂದ ಇದೇ ಬಕೆಟ್ಟು, ಇದೇ ನೋಯುವ ಸೊಂಟ. ನಿವೃತ್ತಿಗೆ ಇನ್ನು ಹತ್ತೇ ತಿಂಗಳು. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು ಅವನಿಗೆ.

ಹತ್ತನೇ ಕ್ಲಾಸು ದಾಟದಿದ್ದರೂ ದೇಹವನ್ನು ಅರೆದು ಕುಡಿದವನು. ಪರೀಕ್ಷೆ ಬಂತೆಂದರೆ ನಾಳಿನ ಡಾಕ್ಟರುಗಳೆಲ್ಲ ಅವನ ಬೆನ್ನಿಗೆ ಬೀಳುತ್ತಿದ್ದರು.

"ಹೃದಯ ಎಡಕ್ಕಿದೆ ಅಂತ ಬರೀಬೇಡ ಕಣಪ್ಪ. ನಡುವೇನೇ ಇರೋದು, ತುದಿ ಎಡಕ್ಕೆ ವಾಲಿರುತ್ತೆ, ಅಷ್ಟೆ. ಮೂತ್ರಪಿಂಡ ಮುಂದುಗಡೆ ಹುಡುಕ್ತಿದ್ದೀಯಲ್ಲ, ಅದು ಬೆನ್ನಿಗೆ ಅಂಟ್ಕೊಂಡಿರುತ್ತೆ. ಬಲಗಡೇದು ಚೂರು ಕೆಳಗೆ. ಮೇಲೆ ಯಕೃತ್ತು ಅಷ್ಟು ಜಾಗ ಹಿಡ್ಕೊಂಡು ಕೂತಿದ್ರೆ ಅದಾದ್ರೂ ಏನು ಮಾಡುತ್ತೆ ಪಾಪ."

ಅವನದೊಂದು ನೇಮವಿತ್ತು. ಹೊಸ ದೇಹ ಬಂದರೆ ಬೇರೆ ಕಡೆ ನೋಡುತ್ತಲೇ ಮೊದಲು ಮುಖಕ್ಕೆ ಬಟ್ಟೆ ಸುತ್ತಿ, ಆಮೇಲೆ ಕಾಲ್ಬೆರಳಿಗೆ ನಂಬರು ಕಟ್ಟುವುದು. ಮುಖ ನೋಡಿದರೆ ಊಟ ಸೇರುವುದಿಲ್ಲ.

ಇಂಥವನ ಮುಂದೆ ಅಕ್ಕ ಒಂದು ದಿನ ದೇಹದಾನದ ಫಾರಂ ತಂದಿಟ್ಟಳು.

ಅಕ್ಕನೆಂದರೆ, ತಾಯಿ ಸತ್ತ ಮೇಲೆ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಮದುವೆಯಾಗಲಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ತುಳಿದು ಮೊಣಕಾಲ ಮೂಳೆಗಳ ನಡುವಿನ ಮೆತ್ತೆ ಸವೆದುಹೋಗಿತ್ತು. ಎದ್ದರೆ ಕಟಕಟ ಸದ್ದು. ಈಗ ಹೃದಯವೂ ಸೋತಿತ್ತು. ರಕ್ತವನ್ನು ಮೇಲಕ್ಕೆಳೆಯುವ ಕಸುವಿಲ್ಲದೆ ಸಂಜೆಯಾದರೆ ಪಾದ ಊದುತ್ತಿತ್ತು. ವರ್ಷ ದಾಟುವುದು ಕಷ್ಟ ಎಂದಿದ್ದರು ಡಾಕ್ಟರು. ಫಾರಂನ ಕೆಳಗೆ ರಕ್ತಸಂಬಂಧಿಯ ಸಹಿ ಬೇಕು. ಅವಳಿಗೆ ಇದ್ದವನು ಇವನೊಬ್ಬನೇ.

"ಸುಟ್ಟರೆ ಬೂದಿ, ಹೂತರೆ ಮಣ್ಣು," ಎಂದಳು ಅಕ್ಕ. "ಈ ಮೊಣಕಾಲನ್ನ ನಾಲ್ಕು ಮಕ್ಕಳಾದ್ರೂ ನೋಡಿ ಕಲೀಲಿ."

"ಅಲ್ಲಿ ಏನೇನು ಮಾಡ್ತಾರೆ ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ನಾನು ಸಹಿ ಹಾಕಲ್ಲ."

ಅಕ್ಕ ಊದಿದ ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟುಕೊಂಡಳು. "ಮೂವತ್ತು ವರ್ಷ ಬೇರೆಯವರ ಅಕ್ಕಂದಿರನ್ನ ಕೊಯ್ಯೋಕೆ ಕೊಟ್ಟೆಯಲ್ಲೋ. ಅವರಿಗೆ ತಮ್ಮಂದಿರು ಇರಲಿಲ್ವಾ?"

ಅವನಿಗೆ ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ತೋರಿಸಲು ತ್ರಾಣವಿಲ್ಲದೆ ಹೋಗಿ ಮಲಗಿದ.

ಮರುದಿನವಿಡೀ ಆ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಸಂಜೆ ಬಟ್ಟೆ ಹೊದಿಸಿ ಬೀಗ ಹಾಕಿಕೊಂಡು ಬಂದ. ಅದರಾಚೆಯ ಬೆಳಿಗ್ಗೆ ಬಾಗಿಲು ತೆರೆದರೆ ನಾಲ್ಕನೇ ಮೇಜಿನ ಮುದುಕಿಯ ಮೈಮೇಲೆ ಬಟ್ಟೆಯೇ ಇರಲಿಲ್ಲ. ಏಳಕ್ಕೆ ಹೊದಿಸಿ ಒಂದನ್ನು ಮರೆತಿದ್ದ. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು.

ಅವಳ ಬೆರಳುಗಳು ಒಣಗಿ ಮುರುಟಿದ್ದವು. ಮುಖದ ಬಟ್ಟೆಯೂ ಜಾರಿತ್ತು. ನೋಡಬಾರದೆಂದರೂ ನೋಡಿದ. ಹುಬ್ಬಿನ ಮೇಲೆ ಹಳೇ ಗಾಯದ ಕಲೆ. ಚಿಕ್ಕವಳಿದ್ದಾಗ ಎಲ್ಲೋ ಬಿದ್ದಿರಬೇಕು, ಯಾರೋ ಎತ್ತಿ ಸಮಾಧಾನ ಮಾಡಿರಬೇಕು. ಬಟ್ಟೆ ಅದ್ದಿ ತಂದು ಒಂದೊಂದೇ ಬೆರಳಿಗೆ ಸುತ್ತಿದ.

"ತಪ್ಪಾಯ್ತಮ್ಮ," ಎಂದ. ಆ ಕೋಣೆಯಲ್ಲಿ ಮಲಗಿದವರ ಜೊತೆ ಅವನು ಆಡಿದ ಮೊದಲ ಮಾತು ಅದು.

ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಫಾರಂಗೆ ಸಹಿ ಹಾಕಿದ. ಅಕ್ಕ ಕನ್ನಡಕ ಏರಿಸಿ ಸಹಿ ನೋಡಿದಳು. ಆಮೇಲೆ ಅವಳ ದನಿ ಸ್ವಲ್ಪ ಇಳಿಯಿತು.

"ಹತ್ತು ತಿಂಗಳಿಗೆ ನೀನು ರಿಟೈರಾಗ್ತೀಯಲ್ಲೋ. ಆಮೇಲೆ ನನ್ನನ್ನ ಯಾರು ನೋಡ್ಕೋತಾರೆ ಅಲ್ಲಿ?"

ಅವನು ಗೋಡೆಗೆ ಒರಗಿ ಕೂತು ಸೊಂಟ ಒತ್ತಿಕೊಂಡ.

"ಒಂದು ಬಕೆಟ್ ನೀರು ಹೊರೋಕೆ ಸಂಬಳ ಬೇಕೇನೆ? ದಿನಾ ಸಂಜೆ ಬರ್ತೀನಿ, ಬಿಡು."