ಸುಮ್ಮನೆ ಕೆಟ್ಟು ಬಿದ್ದಿದ್ದ ವ್ಯಾಕ್ಯೂಮ್ ಕ್ಲೀನರ್

ಚಿಕ್ಕೋಡಿಯಲ್ಲಿ ನಮ್ಮ ಮನೆಯಷ್ಟು ವ್ಯಾಕ್ಯೂಮ್ ಕ್ಲೀನರ್ ಇರುವ ಮನೆ ಇನ್ನೊಂದಿಲ್ಲ. ನಮ್ಮ ಮನೆಯಷ್ಟು ಧೂಳಿರುವ ಮನೆಯೂ ಇನ್ನೊಂದಿಲ್ಲ!

ದೀಪದ ಕೆಳಗೆ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಯಾರಿಗೂ ಬೇಡವಾದ ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಹುಡುಕಿ ತಂದು ರಿಪೇರಿ ಮಾಡುವ ಹುಚ್ಚು ನನಗಿದೆ ಎಂಬುದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರು ನನ್ನ ಹೆಂಡತಿಯನ್ನು ಕೇಳಿ. ಪುರಸೊತ್ತು ಇಟ್ಟುಕೊಂಡು ಕೇಳಿ.) ಕುಡಚಿಯ ಗುಜರಿ ಅಂಗಡಿಯಲ್ಲಿ ಸಿಕ್ಕದ್ದು, ಅಥಣಿಯ ಮುಚ್ಚಿಹೋದ ಲಾಡ್ಜಿನಿಂದ ತಂದದ್ದು, ಹೀಗೆ. ರಿಪೇರಿ ಆದಮೇಲೆ ಒಮ್ಮೆ ಗುಂಯ್ ಎಂದು ಓಡಿಸಿ, ಒರೆಸಿ, ಕಪಾಟಿನ ಮೇಲೆ ಇಟ್ಟುಬಿಡುತ್ತೇನೆ. ಮನೆ ಗುಡಿಸಲು ಕಸಬರಿಗೆಯೇ ಗತಿ. ಅದನ್ನು ಹಿಡಿಯುವ ಕೈ ನನ್ನದಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಿಪ್ಪಾಣಿ ತಾಲೂಕಿನ ಭೋಜದಲ್ಲಿ ನನ್ನ ಅಕ್ಕನ ಮನೆ. ದೊಡ್ಡ ಮನೆತನ. ಈಗ ಕಬ್ಬು, ಆಗ ತಂಬಾಕು. ಅಕ್ಕನ ಅತ್ತೆ ಹಟ ಹಿಡಿದು ಮುಂಬೈನಿಂದ ತರಿಸಿದ್ದ ಒಂದು ವ್ಯಾಕ್ಯೂಮ್ ಕ್ಲೀನರ್ ಅಲ್ಲಿತ್ತು. ಉದ್ದನೆಯ ತಗಡಿನ ಮೈ, ಹಸಿರು ಬಣ್ಣ, ಬಟ್ಟೆ ಹೆಣೆದ ಪೈಪು. ಅದು ಕೆಟ್ಟು ಎಷ್ಟೋ ವರ್ಷವಾಗಿತ್ತು. ಹೋದ ಬೇಸಿಗೆಯಲ್ಲಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಕಂಡೆ. ಮೇಲೆ ಕೋಳಿ ಕಾವಿಗೆ ಕೂತಿತ್ತು.

“ಅಕ್ಕಾ, ಇದನ್ನ ನಾ ಒಯ್ಯಲೇನ?”

“ಒಯ್ಯೋ ತಮ್ಮಾ, ಪುಣ್ಯಾ ಬರ್ತೈತಿ. ಆದ್ರ ತಿರಗಿ ಮಾತ್ರ ತರಬ್ಯಾಡ ನೋಡು.”

ನಾನು ನಕ್ಕೆ. ಅಡಚಣೆ ತೊಲಗಿದರೆ ಸಾಕು ಅನ್ನುವ ಮಾತು ಎಂದುಕೊಂಡೆ. ಅಕ್ಕಂದಿರು ಹೇಳಿದ್ದನ್ನು ತಮ್ಮಂದಿರು ಪೂರ್ತಿ ಕೇಳಿಸಿಕೊಂಡದ್ದು ಯಾವಾಗ ಹೇಳಿ?

ಮನೆಗೆ ತಂದು ಅದರ ಧೂಳಿನ ಚೀಲ ಬಿಚ್ಚಿದೆ. ಒಳಗೆ ಹಳೆಯ ತಂಬಾಕಿನ ಧೂಳು! ನಾನು ಸೀನಿದೆ, ಹೆಂಡತಿ ಸೀನಿದಳು, ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಮೋಟರಿನೊಳಗಿನ ಕಾರ್ಬನ್ ತುಂಡು ಸವೆದಿತ್ತು. ಆ ಸೈಜು ಈಗ ಸಿಗುವುದಿಲ್ಲ, ದೊಡ್ಡದನ್ನು ತಂದು ಉಜ್ಜಿ ಉಜ್ಜಿ ಕೂರಿಸಿದೆ. ಪೈಪಿನ ತೂತಿಗೆ ಸೈಕಲ್ ಟ್ಯೂಬ್ ಸುತ್ತಿದೆ. ಹೊಸ ಚೀಲ ಹೊಲಿಸಲು ಹೋದರೆ ದರ್ಜಿ, “ಇದು ಯಾರ ಅಂಗೀರಿ?” ಎಂದ. ಸ್ವಿಚ್ಚಿನ ಹತ್ತಿರ ವಾಯರು ತುಂಡಾಗಿತ್ತು. ಇಲಿ ಕಡಿದಿರಬೇಕು ಎಂದುಕೊಂಡು ಹೊಸದನ್ನು ಹಾಕಿದೆ. ಬಣ್ಣ ಹೊಡೆದೆ. ಕೊನೆಗೊಂದು ದಿನ ಅದು ಗುಂಯ್ ಎಂದಿತು ನೋಡಿ, ನನ್ನ ಕಣ್ಣಲ್ಲಿ ನೀರು ಬಂತು. (ತಂಬಾಕಿನ ಧೂಳಿಗೂ ಇರಬಹುದು.)

ಅದನ್ನೂ ಕಪಾಟಿನ ಮೇಲೆ ಇಡಬೇಕಿತ್ತು. ಇಡಲಿಲ್ಲ. ಅಕ್ಕನ ಮನೆಗೆ ಒಂದು ಸರ್‌ಪ್ರೈಸ್ ಕೊಡೋಣ ಅನಿಸಿತು. ಇರಲಾರದೆ ಇರುವೆ ಬಿಟ್ಟುಕೊಂಡರಂತೆ. ನಾನು ಬಿಟ್ಟದ್ದು ಅಕ್ಕನ ಮೈಮೇಲೆ!

ದಸರೆಯ ಖಂಡೆ ಪೂಜೆಯ ದಿನ ಭೋಜಕ್ಕೆ ಹೋದೆ. ಅಂಗಳದಲ್ಲಿ ಟ್ರ್ಯಾಕ್ಟರ್, ನೀರಿನ ಮೋಟರ್, ಕುಡಗೋಲು, ಕುರ್ಪಿ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಅವುಗಳ ಪಕ್ಕದಲ್ಲಿ ನನ್ನ ಹಸಿರು ಯಂತ್ರವನ್ನು ಇಟ್ಟೆ. ದಾಜಿ (ಅಕ್ಕನ ಗಂಡ, ಗಡಿ ಭಾಗದಲ್ಲಿ ನಾವು ಕರೆಯುವುದು ಹಾಗೆ) ಓಡಿ ಬಂದು ಎರಡೂ ಕೈಯಿಂದ ಮುಟ್ಟಿ ನಮಸ್ಕಾರ ಮಾಡಿದರು.

“ನಮ್ಮ ಅವ್ವನ ಮಷಿನ್! ಬೀಗರ, ಸತ್ತಿದ್ದನ್ನ ಎಬ್ಬಿಸಿ ತಂದ್ರೆಲ್ಲರಿ!”

ಕುಂಕುಮ ಹಚ್ಚಿದರು, ಹೂವು ಏರಿಸಿದರು. ಇಲಿ ವಾಯರು ಕಡಿದದ್ದನ್ನು, ಕಾರ್ಬನ್ ಸಿಗದೆ ಒದ್ದಾಡಿದ್ದನ್ನು ನಾನು ಎಲ್ಲರಿಗೂ ವಿವರಿಸಿದೆ. ಸ್ವಿಚ್ ಒತ್ತಿದೆ. ಜಮಖಾನೆಯ ಮೇಲಿನ ಧೂಳೆಲ್ಲ ಮಾಯ. ಚಪ್ಪಾಳೆ! ಅಕ್ಕ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

ಚಹಾ ಕುಡಿಯುತ್ತ ದಾಜಿ ತಮ್ಮ ಸೊಸೆಯನ್ನು ಕರೆದರು. “ಪಲ್ಲವಿ, ನಾಳಿಂದ ಇದನ್ನ ನೀ ಹಿಡಿ. ಮನ್ಯಾಗ ಮಷಿನ್ ಇರಬೇಕಾದ್ರ ಶಾಂತವ್ವ ಯಾಕ ಬೇಕು?”

ಶಾಂತವ್ವ ಬೆಳಿಗ್ಗೆ ಬಂದು ಕಸ ಗುಡಿಸಿ ನೆಲ ಒರೆಸುವ ಹೆಂಗಸು. ಪಲ್ಲವಿ ನಿಪ್ಪಾಣಿಯಲ್ಲಿ ಬಿ.ಎಡ್. ಓದುತ್ತಿದ್ದಾಳೆ, ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಮೊಣಕಾಲು ನೋವಿನಿಂದ ಅಕ್ಕನಿಗೆ ಬಗ್ಗಲು ಆಗುವುದಿಲ್ಲ. ಸೊಸೆಯ ಓದು ತಪ್ಪಬಾರದೆಂದೇ ಅಕ್ಕ ಗಂಡನ ಜೊತೆ ಜಗಳವಾಡಿ ಶಾಂತವ್ವನನ್ನು ಇಟ್ಟುಕೊಂಡಿದ್ದಳು.

ಪಲ್ಲವಿ ಅತ್ತೆಯ ಮುಖ ನೋಡಿದಳು. ಅತ್ತೆ ಒಳಗೆ ಹೋದಳು. ನಾನೂ ಹಿಂದೆ ಹೋದೆ.

“ತರಬ್ಯಾಡ ಅಂದಿದ್ನಿಲ್ಲೋ ತಮ್ಮಾ?” ಎಂದಳು ಅಕ್ಕ, ಒಲೆಯ ಕಡೆಗೇ ಮುಖ ಮಾಡಿ. “ನಾ ಮದಿವ್ಯಾಗಿ ಬಂದ ವರ್ಷನ ಅದೂ ಬಂತು. ಕಸಾ ಹೊಡ್ಯಾಕ ಇಬ್ಬರು ಹೆಣ್ಣಾಳು ಇದ್ರು. ಮಷಿನ್ ಬಂದೈತಿ, ಇನ್ನ ಆಳು ಯಾಕ ಅಂತ ಅತ್ತಿ ಬಿಡಿಸಿದ್ರು. ಇಷ್ಟ ದೊಡ್ಡ ಮನಿ, ದಿನಾ ತಂಬಾಕಿನ ಧೂಳಾ. ಬಂದವರಿಗೆಲ್ಲಾ ಓಡಿಸಿ ತೋರ್ಸೂದು ಬ್ಯಾರೆ. ನನಗ ಟಿ.ಸಿ.ಎಚ್. ಸೀಟ್ ಸಿಕ್ಕಿತ್ತು, ನೆನಪೈತೇನ್ ನಿನಗ?”

ನೆನಪಿತ್ತು. ಮದುವೆಯಾದ ಮೇಲೆ ಅಕ್ಕನಿಗೆ ಟೀಚರ್ ಕೋರ್ಸ್ ಓದುವ ಮನಸ್ಸೇ ಹೋಯಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಾನೂ ನಂಬಿದ್ದೆ.

“ಆ ವಾಯರ್ ಇಲಿ ಕಡದಿದ್ದಲ್ಲ,” ಎಂದಳು. “ಅತ್ತಿ ತೀರಿಕೊಂಡ ಮ್ಯಾಲ ನಾನ ಕುಡಗೋಲಿಲೆ ಕೊಯ್ದಿದ್ದೆ.”

ನನ್ನ ಕೈಗಂಟಿದ್ದ ಹಸಿರು ಬಣ್ಣ ಕೂಡ ಇನ್ನೂ ಪೂರ್ತಿ ಹೋಗಿರಲಿಲ್ಲ. ಬಹಳ ಸಂಕಟವಾಯಿತು.

ಕೆಲಸ ಉಳಿಸುವ ಯಂತ್ರ ಅನ್ನುತ್ತೇವೆ. ಯಾರ ಕೆಲಸ ಉಳಿಯಿತು? ಹೆಣ್ಣಾಳುಗಳ ಕೆಲಸ ಹೋಯಿತು, ಅಕ್ಕನ ಕೆಲಸ ಹೆಚ್ಚಿತು. ಮಿಕ್ಸರ್ ಬಂತು, ನಾವು ದಿನಕ್ಕೊಂದು ಚಟ್ನಿ ಕೇಳಿದೆವು. ವಾಷಿಂಗ್ ಮಷಿನ್ ಬಂತು, ದಿನಕ್ಕೆರಡು ಅಂಗಿ ಬದಲಿಸಿದೆವು. ನನ್ನ ಕಪಾಟಿನ ಮೇಲಿರುವ ಒಂದೊಂದು ಯಂತ್ರದ ಮೋಟರ್ ಎಂಥದ್ದು, ಊರು ಯಾವುದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಅದರ ಪೈಪು ಹಿಡಿದು ಮನೆಯೆಲ್ಲ ಸುತ್ತಿದವಳು ಯಾರು? ಅದನ್ನು ಗುಜರಿಗೆ ಹಾಕಿದ ದಿನ ಅವಳು ಅತ್ತಳೋ, ಉಸ್ಸಪ್ಪಾ ಎಂದಳೋ? ನಾನು ಒಬ್ಬರನ್ನೂ ಕೇಳಿಲ್ಲ.

ವಾಪಸ್ ತರಲು ನೋಡಿದೆ. “ದಾಜಿ, ಸಣ್ಣ ಸರ್ವಿಸ್ ಐತ್ರಿ, ಒಯ್ತೀನ್ರಿ,” ಎಂದೆ.

“ಚಲೋ ನಡ್ಯಾಕತ್ತೈತಿ, ಸರ್ವಿಸ್ ಯಾಕ್ರಿ?”

“ಪಲ್ಲವಿ ಕಾಲೇಜ್ ತಪ್ಪತೈತ್ರಿ.”

“ಸ್ವಿಚ್ ಒತ್ತಾಕ ಎಷ್ಟೊತ್ತ ಬೇಕ್ರಿ, ಬೀಗರ?”

ಆ ಸ್ವಿಚ್ಚನ್ನು ದಾಜಿ ಜೀವನದಲ್ಲಿ ಒಮ್ಮೆಯೂ ಒತ್ತಿದವರಲ್ಲ. ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆ ತಾನಾಗಿಯೇ ಸ್ವಚ್ಛವಾಗುತ್ತದೆ ಎಂದು ನಂಬಿ ಅರವತ್ತು ದಾಟಿದವರು. (ನಾನೇನು ಕಡಿಮೆಯೇ?)

ಶಾಂತವ್ವನನ್ನು ಬಿಡಿಸಿದ್ದಾರೆ. ಪಲ್ಲವಿ ಈಗ ಎರಡನೇ ಬಸ್ಸಿಗೆ ಹೋಗುತ್ತಾಳೆ, ಮೊದಲ ಕ್ಲಾಸು ದಿನಾ ತಪ್ಪುತ್ತಿದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಕಬ್ಬಿನ ಹಂಗಾಮು ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾರಂತೆ ದಾಜಿ. ಆಮೇಲೆ ಅಂದರೆ ಏನು ಎಂದು ಅಕ್ಕನಿಗೆ ಗೊತ್ತು.

ನಿನ್ನೆ ಅವಳ ಫೋನ್ ಬಂತು. ಬೈಯುತ್ತಾಳೆ ಎಂದುಕೊಂಡು ಎತ್ತಿದೆ. ಬೈಯಲಿಲ್ಲ.

“ರಿಪೇರಿ ಮಾಡೂದು ನಿನಗ ಭಾಳ ಚಲೋ ಬರ್ತೈತಿ ತಮ್ಮಾ,” ಎಂದಳು. “ಈಗ ಕೆಡಸೂದು ಹೇಳಿಕೊಡು. ಈ ಸಲ ಅದು ನಿನ್ನ ಕಡಿಂದನೂ ರಿಪೇರಿ ಆಗಬಾರ್ದು.”